ಸಂಡಿಗೆಯ ಕೆಳಗಿನ ಜಾಲರಿ

ಬೆಳಗಿನ ಎಂಟು ಗಂಟೆಗೇ ಮಾಳಿಗೆ ಕಾಯತೊಡಗಿತ್ತು. ನಾಗಲಿಂಗಮ್ಮ ಒದ್ದೆ ಪಂಚೆಯ ಮೇಲೆ ನಾಲ್ಕನೇ ಸಾಲು ಸಂಡಿಗೆ ಇಡುತ್ತಿದ್ದಳು. ಒಂದು ಚಮಚ ಹಿಟ್ಟು, ಬೆರಳ ತುದಿಯಿಂದ ಒಂದು ತಿರುವು, ಮತ್ತೆ ಒಂದು ಚಮಚ. ಪಂಚೆಯ ಕೆಳಗೆ ಕಬ್ಬಿಣದ ಜಾಲರಿ, ಜಾಲರಿಯ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ. ಅಡಿಯಿಂದ ಗಾಳಿಯಾಡಿ ಎರಡೇ ದಿನಕ್ಕೆ ಸಂಡಿಗೆ ಗರಿಗರಿಯಾಗುತ್ತಿತ್ತು. ಪಕ್ಕದ ಮನೆಯ ಚೌಡಕ್ಕ, 'ಎಲ್ಲಿ ಮಾಡಿಸಿದಿ ಇದನ್ನ, ನನಗೂ ಒಂದು ಮಾಡಿಸಿಕೊಡು' ಎಂದು ಎರಡು ಸಲ ಕೇಳಿದ್ದಳು.

ಐದನೇ ಸಾಲು ಶುರುವಾಗುವಾಗ ಗಂಡ ಸೋಮಶೇಖರ್ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಂದು ಕಾಗದ, ಪೆನ್ನು.

"ಏ, ಇದಕ್ಕೊಂದು ಸಹಿ ಹಾಕು."

"ಕೈ ಹಿಟ್ಟಾಗೈತ್ರಿ. ಏನದು?"

"ನಾಳೆ ಕಾರ್ಖಾನಿ ಇಲಾಖಿ ಸಾಹೇಬ ಬರ್ತಾನಂತ. ದವಾಖಾನಿಯವ್ರು ಪೊಲೀಸರಿಗೆ ಹೇಳ್ಯಾರ, ಪೊಲೀಸರು ಇವ್ರಿಗೆ ಹೇಳ್ಯಾರ. ಮಿಲ್ಲು ನಿನ್ನ ಹೆಸರಿಲೆ ಐತಲ್ಲ, ಸಹಿ ನಿಂದೇ ಬೇಕು."

ಮನೆಯ ಹಿಂದಿನ ಓಣಿ ದಾಟಿದರೆ ಅವರ ಶೇಂಗಾ ಮಿಲ್ಲು. ಕೊಟ್ಟೂರಿನ ಸುತ್ತಲಿನ ಹಳ್ಳಿಗಳಿಂದ ಬರುವ ಕಾಯಿಯನ್ನು ಮಷಿನ್ನಿಗೆ ಹಾಕಿ ಸುಲಿದು, ಬೀಜ ಆರಿಸಿ ಚೀಲ ತುಂಬುವ ಕೆಲಸ. ಹೆಂಗಸರ ಹೆಸರಿನಲ್ಲಿ ಮಾಡಿದರೆ ಬಡ್ಡಿ ಕಮ್ಮಿ ಎಂದು ಬ್ಯಾಂಕಿನವರು ಹೇಳಿದ್ದರಿಂದ ಬಾಗಿಲ ಮೇಲಿನ ಬೋರ್ಡಿನಲ್ಲಿ 'ಮಾಲೀಕರು: ಶ್ರೀಮತಿ ನಾಗಲಿಂಗಮ್ಮ' ಎಂದು ಬರೆಸಿದ್ದರು. ಆ ಬೋರ್ಡಿನ ಕೆಳಗೆ ಆಕೆ ಹೋಗುತ್ತಿದ್ದುದು ಎರಡೇ ಕೆಲಸಕ್ಕೆ. ದಿನಾ ಹನ್ನೊಂದು ಗಂಟೆಗೆ ಚಹಾದ ಕೆಟಲ್ ಒಯ್ಯಲು. ಅಮಾವಾಸ್ಯೆಗೊಮ್ಮೆ ಮಷಿನ್ನಿನ ಗಾಲಿಗೆ ವಿಭೂತಿ ಹಚ್ಚಿ ಪೂಜೆ ಮಾಡಲು.

"ಓದಿ ಹೇಳ್ರಿ," ಎಂದಳು.

ಸೋಮಶೇಖರ್ ಗಂಟಲು ಸರಿಮಾಡಿಕೊಂಡು ಓದಿದರು. 'ಪಕ್ಕೀರಮ್ಮ ಎಂಬುವರು ನಮ್ಮ ಮಿಲ್ಲಿನ ಕೆಲಸಗಾರರಲ್ಲ. ಅಂದು ಶೇಂಗಾ ಹೊಟ್ಟು ಕೇಳಲು ಬಂದವರು ತಾವಾಗಿಯೇ ಮಷಿನ್ ಹತ್ತಿರ ಹೋಗಿ ಕೈ ಸಿಕ್ಕಿಸಿಕೊಂಡಿರುತ್ತಾರೆ. ಇದಕ್ಕೂ ನಮಗೂ ಸಂಬಂಧವಿರುವುದಿಲ್ಲ.'

ಚಮಚ ಹಿಟ್ಟಿನ ಪಾತ್ರೆಯಲ್ಲೇ ನಿಂತಿತು. ಹನ್ನೊಂದು ವರ್ಷ ಆ ಹೆಂಗಸು ಆ ಬಾಗಿಲಲ್ಲಿ ಬಂದು ಹೋಗಿದ್ದಳು. ಹನ್ನೊಂದು ವರ್ಷವೂ ಹೊಟ್ಟು ಕೇಳಲಿಕ್ಕೇ ಬಂದಳೇ?

"ಹೊಟ್ಟು ಕೇಳಾಕ ಬಂದಿದ್ಲಾ?"

"ಮತ್ತೇನು ಬರೀಲಿ? ಪುಸ್ತಕದಾಗ ಇರೋದು ಎಂಟೇ ಹೆಸರು. ಆಕಿ ಹೆಸರಿಲ್ಲ. ಹೆಸರಿಲ್ಲದಾಕಿ ಕೆಲಸಗಾರ್ತಿ ಹೆಂಗಾಗ್ತಾಳ?" ಅವರ ದನಿ ಏರಿತು. "ದವಾಖಾನಿ ಖರ್ಚು ನಾನು ಕೊಟ್ಟಿಲ್ಲೇನು? ಸೆರಗು ನೆಟ್ಟಗ ಸಿಗಿಸ್ಕೊಂಡಿದ್ರ ಏನಾಗ್ತಿತ್ತು ಆಕಿಗೆ? ಎಚ್ಚರಿಲ್ಲದ ಮಂದಿ! ಗಾಲಿಗೆ ಹಾಕೋ ಜಾಲರಿನೂ ಎಲ್ಲಿ ಹೋತೋ ಗೊತ್ತಿಲ್ಲ. ಹಮಾಲರು ಗುಜರಿಗೆ ಹಾಕ್ಯಾರ, ಕಳ್ಳನನ್ಮಕ್ಕಳು. ವೆಲ್ಡಿಂಗ್ ಅಂಗಡ್ಯಾಗ ಹೊಸದು ಮಾಡಾಕ ಹಚ್ಚೇನಿ, ಸಂಜಿ ಒಳಗ ಬರತೈತಿ. ನಾಳೆ ಸಾಹೇಬ ಹೋಗೋತನಕ ಕಟ್ಟಿದ್ರಾತು."

ಹೀಗೆನ್ನುತ್ತ ಅವರು ಚಪ್ಪಲಿಯ ತುದಿಯನ್ನು ಜಾಲರಿಯ ಅಂಚಿಗೇ ಊರಿ ನಿಂತಿದ್ದರು.

ನಾಗಲಿಂಗಮ್ಮ ಆ ಚಪ್ಪಲಿಯನ್ನು ನೋಡಿದಳು. ಪಂಚೆಯಿಂದ ಹೊರಗೆ ಇಣುಕಿದ್ದ ಹಳದಿ ಬಣ್ಣದ ಅಂಚನ್ನು ನೋಡಿದಳು. 

"ಇಲ್ಲಿಡ್ರಿ. ಇದಿಷ್ಟು ಮುಗಿಸಿ ಹಾಕ್ತೀನಿ," ಎಂದಳು.

ಅವರು ಕಾಗದವನ್ನು ಕಟ್ಟೆಯ ಮೇಲಿಟ್ಟು, ಹಾರದಂತೆ ಪೆನ್ನು ಹೇರಿ, ಕೆಳಗಿಳಿದು ಹೋದರು.

ಹಿಟ್ಟು ಗಟ್ಟಿಯಾಗುತ್ತಿತ್ತು. ಆಕೆ ಮತ್ತೆ ಚಮಚ ಎತ್ತಲಿಲ್ಲ.

ಮೂರು ವರ್ಷದ ಹಿಂದೆ ದೊಡ್ಡ ಮಷಿನ್ ಬಂದಾಗ ಗಾಲಿಯನ್ನೂ ಬೆಲ್ಟನ್ನೂ ಮುಚ್ಚಿದಂತೆ ಈ ಜಾಲರಿ ಇತ್ತು. ಮೊದಲ ಅಮಾವಾಸ್ಯೆಯ ಪೂಜೆಗೆ ಹೋದಾಗ ಆಕೆಯ ಕೈ ಗಾಲಿಗೆ ಮುಟ್ಟಲಿಲ್ಲ. ವಿಭೂತಿಯನ್ನು ಜಾಲರಿಗೆ ಹಚ್ಚಿದರೆ ಗಾಲಿಗೆ ಹಚ್ಚಿದ ಹಾಗಾಗುತ್ತದೆಯೇ? ಮನಸ್ಸು ಒಪ್ಪಿರಲಿಲ್ಲ. ಒಂದಷ್ಟು ತಿಂಗಳು ಬಿಚ್ಚುವುದು, ಪೂಜೆಯಾದ ಮೇಲೆ ಹಾಕುವುದು ನಡೆಯಿತು. ಆಮೇಲೆ ಬಿಚ್ಚಿದ್ದು ಗೋಡೆಗೆ ಒರಗಿಕೊಂಡೇ ಉಳಿಯಿತು. ಹೋದ ವರ್ಷ ಶಿವರಾತ್ರಿ ಅಮಾವಾಸ್ಯೆ ಮುಗಿಸಿ ಬರುವಾಗ ಆಕೆಯೇ ಹಮಾಲಿ ಹುಲುಗೇಶನಿಗೆ ಹೇಳಿದ್ದಳು: "ಸುಮ್ನೆ ಬಿದ್ದೈತಲ್ಲೋ, ಮಾಳಿಗಿ ಮ್ಯಾಲೆ ತಂದಿಡು. ಸಂಡಿಗಿಗೆ ಭೇಷ್ ಆಗತೈತಿ."

ಹುಲುಗೇಶ ತಲೆಯ ಮೇಲೆ ಹೊತ್ತು ತಂದಿದ್ದ. ಬಿಸಿಲಿಗೆ ಬಂದವನೆಂದು ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟಿದ್ದಳು.

ಈ ವರ್ಷದ ಶಿವರಾತ್ರಿ ಅಮಾವಾಸ್ಯೆಗೂ ಆಕೆ ಗಾಲಿಗೆ ಮೂರು ಬೆರಳು ವಿಭೂತಿ ಎಳೆದಳು. ಮರುದಿನ ಪಕ್ಕೀರಮ್ಮ ಗಾಲಿಯ ಕೆಳಗೆ ಚೆಲ್ಲಿದ್ದ ಬೀಜ ಗುಡಿಸಲು ಬಗ್ಗಿದಳು. ಮಷಿನ್ ತಿರುಗುತ್ತಲೇ ಇತ್ತು, ನಿಲ್ಲಿಸಿದರೆ ಬೈಗುಳ. ಬೆಲ್ಟು ಸೆರಗನ್ನು ಎಳೆಯಿತು. ಸೆರಗು ಬಿಡಿಸಿಕೊಳ್ಳಲು ಹೋದ ಬಲಗೈಯನ್ನೂ ಎಳೆಯಿತು. ಬಂದ್ ಮಾಡುವ ಸ್ವಿಚ್ ಚೀಲಗಳ ರಾಶಿಯ ಹಿಂದೆ ಇತ್ತು. ಅದು ಕೈಗೆ ಸಿಗುವಷ್ಟರಲ್ಲಿ ಎರಡು ಬೆರಳು ಹೋಗಿದ್ದವು.

ಇವತ್ತಿಗೆ ಒಂಬತ್ತು ದಿನ.

"ಅಮ್ಮಾರ, ಮ್ಯಾಲೆ ಅದೀರೇನ್ರಿ?"

ಕೆಳಗಿನಿಂದ ಬಂದ ದನಿಗೆ ನಾಗಲಿಂಗಮ್ಮ ಬೆಚ್ಚಿದಳು. ಪಕ್ಕೀರಮ್ಮನ ಮಗಳು ಸುಮಂಗಲಾ. ಐಟಿಐ ಓದಿ, ಸಂಡೂರಿನ ಆಚೆಯ ಒಂದು ದೊಡ್ಡ ಉಕ್ಕಿನ ಕಾರ್ಖಾನೆಯಲ್ಲಿ ಸುರಕ್ಷತಾ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ತಾಯಿಗೆ ಹೀಗಾದ ಮೇಲೆ ರಜೆ ಹಾಕಿ ಬಂದಿದ್ದಳು.

"ಬಾರವ್ವ, ಮ್ಯಾಲೇ ಬಾ. ಹೆಂಗದಾಳ ನಿಮ್ಮವ್ವ?"

ಸುಮಂಗಲಾ ಬಂದು ಕೊನೆಯ ಮೆಟ್ಟಿಲ ಹತ್ತಿರವೇ ನಿಂತಳು. ಕೂತುಕೋ ಎಂದರೂ ಕೂರಲಿಲ್ಲ.

"ಎಡಗೈಲೆ ಉಣ್ಣಾಕ ಕಲಿಯಾಕತ್ಯಾಳ್ರಿ. ನಂದೇ ತಪ್ಪು, ನಂದೇ ತಪ್ಪು ಅಂತ ಒಂದೇ ಸಮ ಅಂತಾಳ. ನಿಮ್ಮನ್ನ ಒಂದು ಮಾತು ಬೈದಿಲ್ರಿ ಆಕಿ. ನನಗ ಅದs ಸಿಟ್ಟು."

ನಾಗಲಿಂಗಮ್ಮ ತಲೆ ತಗ್ಗಿಸಿದಳು. ಬಾಯಿಗೆ ಬಂದದ್ದು ಮಾತ್ರ ಗಂಡನ ಮಾತೇ. "ಸೆರಗು ಸ್ವಲ್ಪ ನೋಡ್ಕೋಬೇಕಿತ್ತವ್ವ..."

"ಅಮ್ಮಾರ," ಸುಮಂಗಲಾ ಸೆರಗಿನ ಮಾತನ್ನು ಅಲ್ಲೇ ತಡೆದಳು. "ಸೆರಗು ಜಾರದ ಹೆಂಗಸು ಈ ನಾಡಿನಾಗ ಯಾರದಾಳ್ರಿ? ನಿಮ್ಮದು ಜಾರಂಗಿಲ್ಲೇನು? ಸೆರಗು ಜಾರತೈತಿ, ನಿದ್ದಿ ಬರತೈತಿ, ಕಾಲು ತೊಡರತೈತಿ. ಮನುಷ್ಯಾರು ಹಿಂಗ ಅಂತ ಗೊತ್ತಿದ್ದೇ ಗಾಲಿಗೆ ಜಾಲರಿ ಮಾಡ್ಯಾರ. ನಮ್ಮವ್ವ ಎಚ್ಚರ ತಪ್ಪಿದ್ದು ಒಂದು ಗಳಿಗಿ. ಜಾಲರಿ ತಗದವ್ರು ಎಷ್ಟು ದಿನ ತಪ್ಪಿದ್ರು?"

ಸುಮಂಗಲಾ ಉಸಿರು ಎಳೆದುಕೊಂಡು ತುಸು ಮೆತ್ತಗಾದಳು. "ನಾನು ಜಗಳಕ್ಕ ಬಂದಿಲ್ರಿ. ಅವ್ವ ನಿಮ್ಮಲ್ಲಿ ಹನ್ನೊಂದು ವರ್ಷ ದುಡದಾಳ ಅಂತ ಒಂದು ಕಾಗದ ಬೇಕು. ಪರಿಹಾರಕ್ಕ ಅರ್ಜಿ ಹಾಕಬೇಕು. ಸಾವ್ಕಾರ್ರನ್ನ ಕೇಳಿದ್ರ, ಪುಸ್ತಕದಾಗ ಹೆಸರಿಲ್ಲ ಅಂದ್ರು."

"ಮಿಲ್ಲಿಂದು ನನಗೇನು ಗೊತ್ತವ್ವ? ಎಲ್ಲಾ ಅವ್ರೇ ನೋಡ್ಕೋತಾರ."

"ಬೋರ್ಡಿನ ಮ್ಯಾಲೆ ಯಾರ ಹೆಸರೈತ್ರಿ?"

"ಹೆಸರು ನಂದು. ಹೆಸರಿಗಷ್ಟ."

"ಕಾಯ್ದೆದಾಗ ಹೆಸರಿಗಷ್ಟ ಅನ್ನೋದು ಇಲ್ರಿ. ಮಿಲ್ಲು ಯಾರ ಕೈಯಾಗೈತಿ ಅಂತ ಕಾಗದ ಹೇಳತೈತೋ ಅವ್ರನ್ನೇ ಮೊದಲು ಕೇಳ್ತಾರ. ನೋಟಿಸ್ ಬಂದ್ರ ನಿಮ್ಮ ಹೆಸರಿಗೆ. ಕೋರ್ಟಿಗೆ ಕರದ್ರ ನಿಮ್ಮನ್ನ. ದಂಡ ಆದ್ರೂ, ಜೈಲಾದ್ರೂ ನಿಮಗ. ಇದನ್ನ ಯಾರೂ ನಿಮಗ ಹೇಳಿಲ್ಲೇನು?"

ಯಾರೂ ಹೇಳಿರಲಿಲ್ಲ. ಬ್ಯಾಂಕಿನ ಮೇಜಿನ ಮೇಲೆ ಹನ್ನೆರಡು ಕಡೆ ಗುರುತು ಹಾಕಿಕೊಟ್ಟಿದ್ದರು, ಹನ್ನೆರಡು ಕಡೆ ಸಹಿ ಹಾಕಿದ್ದಳು. ಅಂದು ಗಂಡ ಖುಷಿಯಿಂದ ಮಂಡಕ್ಕಿ ಮಿರ್ಚಿ ಕೊಡಿಸಿದ್ದರು. ಅದು ನೆನಪಾಗಿ ಈಗ ಮೈ ಉರಿಯಿತು.

ಆದರೂ ಗುಮಾನಿ ಬಿಡಲಿಲ್ಲ. "ಆ ಸಾಹೇಬ್ರು ಬಂದ್ರ ಆಗೋದೇನವ್ವ? ಮಷಿನ್ ಬಂದ ವರ್ಷ ಒಬ್ರು ಬಂದಿದ್ರು. ಚಹಾ ಕುಡದ್ರು, ನೋಡಿದ್ರು, ಹೋದ್ರು. ಈಗ ಬರೋರು ಕವರ್ ಇಸ್ಕೊಂಡು ಹೋಗ್ತಾರ. ಅಷ್ಟs ಅಲ್ಲೇನು?"

"ಅಂಥವ್ರು ಇದ್ರೆ ದೂರು ಕೊಡಾಕ ದಾರಿ ಐತ್ರಿ. ಆದ್ರ ಕವರ್ ಕೊಡೋರು ಯಾಕ ಕೊಡ್ತಾರ ಅದನ್ನ ಹೇಳ್ರಿ. ಜಾಲರಿ ಹಾಕಿದವ್ರು, ಹೆಸರು ಬರದವ್ರು ಯಾಕ ಅಂಜಬೇಕು? ಅವತ್ತು ಬಂದ ಸಾಹೇಬ್ರು ನೋಡಿದ್ದು ಖರೇ ಮಿಲ್ಲೋ, ನಾಟಕದ ಮಿಲ್ಲೋ?"

ನಾಗಲಿಂಗಮ್ಮನಿಗೆ ಆ ದಿನ ಕಣ್ಣಿಗೆ ಕಟ್ಟಿತು. ದಿನಾ ಇಪ್ಪತ್ತನಾಲ್ಕು ಲೋಟ ಚಹಾ ಮಾಡುವವಳಿಗೆ ಅವತ್ತು ಗಂಡ ಬಂದು, 'ಎಂಟೇ ಮಾಡು, ಒಂದು ಸಾಹೇಬರಿಗೆ ಬೇರೆ' ಎಂದಿದ್ದರು. ಉಳಿದ ಹದಿನಾರು ಹೆಂಗಸರನ್ನು ಹಿಂದಿನ ಹೊಟ್ಟಿನ ಅಂಗಳಕ್ಕೆ ಅಟ್ಟಿದ್ದರು. ಸುಡುಬಿಸಿಲಲ್ಲಿ, ಹೊಟ್ಟಿನ ದೂಳಿನಲ್ಲಿ ಎರಡು ತಾಸು ಉಸಿರು ಬಿಗಿಹಿಡಿದು ಕುಂತಿದ್ದರು ಅವರು, ತಾವೇ ಕಳವು ಮಾಡಿದವರಂತೆ. ಪಕ್ಕೀರಮ್ಮನೂ ಅಲ್ಲಿದ್ದಳು. ಆಮೇಲೆ ನಗುತ್ತಲೇ ಹೇಳಿದ್ದಳು: "ಇವತ್ತು ನಮ್ಮ ಚಹಾನೂ ಸಾಹೇಬ್ರು ಕುಡದ್ರೇನ್ರಿ ಅಮ್ಮಾರ?" ಹಾಗೆನ್ನುತ್ತ, ಮನೆಯಿಂದ ದಿನಾ ತಾನೇ ತರುತ್ತಿದ್ದ ತನ್ನ ಸ್ಟೀಲ್ ಲೋಟವನ್ನು ಸೆರಗಿಗೆ ಒರೆಸಿ ಚೀಲದಲ್ಲಿಟ್ಟುಕೊಂಡಿದ್ದಳು. ಆಕೆ ಯಾಕೆ ಬೇರೆ ಲೋಟ ತರುತ್ತಾಳೆ ಎಂದು ನಾಗಲಿಂಗಮ್ಮ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ನಾಳೆ ಬಂದವ್ರು ಏನು ಮಾಡ್ತಾರವ್ವ? ನೀನು ತಿಳಿದಾಕಿ, ಹೇಳು."

ಸುಮಂಗಲಾ ಈಗ ಕಟ್ಟೆಯ ಮೇಲೆ ಕೂತಳು.

"ಹೇಳಿಬಂದ್ರೂ ಬರಬಹುದು, ಹೇಳದಂಗ ಬಂದ್ರೂ ಬರಬಹುದು. ಒಳಗ ಬರೋ ಹಕ್ಕು ಅವ್ರಿಗೈತಿ, ತಡಿಯಂಗಿಲ್ಲ. ತಿರುಗೋ ಗಾಲಿ, ಬೆಲ್ಟಿಗೆ ಮುಚ್ಚಿಗಿ ಐತೋ ಇಲ್ಲೋ ನೋಡ್ತಾರ. ಬಂದ್ ಮಾಡೋ ಸ್ವಿಚ್ ಕೈಗೆ ಸಿಗೋಹಂಗ ಐತೋ ನೋಡ್ತಾರ. ಗುಡಿಸೋದು, ಎಣ್ಣಿ ಹಾಕೋದು ಮಷಿನ್ ನಿಂತ ಮ್ಯಾಲೆ ಮಾಡ್ತೀರೋ, ತಿರುಗುವಾಗ ಮಾಡ್ತೀರೋ ಕೇಳ್ತಾರ. ದೂಳಿಗೆ ಮುಖಕ್ಕ ಕಟ್ಟಾಕ ಏನು ಕೊಟ್ಟೀರಿ, ಕುಡಿಯೋ ನೀರು, ಹೆಂಗಸರಿಗೆ ಪಾಯಖಾನಿ, ಎಲ್ಲಾನೂ. ಹೆಸರಿನ ಪುಸ್ತಕ ತಗಸ್ತಾರ. ಕೆಲಸದವ್ರ ಕೂಡ ಸಾವ್ಕಾರ್ರು ಇಲ್ಲದಾಗ ಬ್ಯಾರೆ ಮಾತಾಡ್ತಾರ."

"ತಪ್ಪು ಸಿಕ್ರ? ಮಿಲ್ಲಿಗೆ ಬೀಗ ಹಾಕ್ತಾರೇನು?"

"ಅದs ಎಲ್ಲಾರ ಅಂಜಿಕಿ. ತಪ್ಪು ಸಿಕ್ತು ಅಂದಕೂಡ್ಲೆ ಬೀಗ ಇಲ್ರಿ. ಏನೇನು ಸರಿಮಾಡಬೇಕು ಅಂತ ಬರದು, ವಾಯಿದೆ ಕೊಡ್ತಾರ. ಮಾಡಿ ತೋರಿಸಿದ್ರ ಆತು. ಜೀವಕ್ಕ ಅಪಾಯ ಐತಿ ಅನಿಸಿದ್ರ ಮಾತ್ರ, ಸರಿ ಆಗೋತನಕ ಆ ಮಷಿನ್ ನಿಲ್ಲಿಸಾಕ ಹೇಳ್ತಾರ. ವಾಯಿದೆ ಮುಗದ್ರೂ ಮಾಡದವ್ರ ಮ್ಯಾಲೆ, ಸುಳ್ಳು ಕಾಗದ ತೋರಿಸಿದವ್ರ ಮ್ಯಾಲೆ ಕೇಸು ಹಾಕ್ತಾರ. ಏನು ಮಾಡಬೇಕು ಅಂತ ಗೊತ್ತಾಗದಿದ್ರ ಮೊದಲೇ ನಾವs ಕಚೇರಿಗೆ ಹೋಗಿ ಕೇಳಬಹುದು. ಹೇಳಿಕೊಡೋದೂ ಅವ್ರ ಕೆಲಸನೇ."

"ಈಗ ಕಾಯ್ದೆ ಬದಲಾಗ್ಯಾವ, ಸಣ್ಣ ಮಿಲ್ಲಿಗೆ ಏನೂ ಇಲ್ಲ ಅಂತ ಇವ್ರು ಅಂತಿದ್ರು."

"ಕಾಯ್ದೆ ಹೆಸರು ಬದಲಾಗ್ಯಾವ್ರಿ. ಎಷ್ಟು ಮಂದಿ ಇದ್ರ ಯಾವುದು ಅನ್ನೋ ಲೆಕ್ಕಾನೂ ಬದಲಾಗೈತಿ. ನಿಮ್ಮಲ್ಲಿ ಇಪ್ಪತ್ತನಾಲ್ಕು ಮಂದಿ ಅದಾರ, ಹಳೇದಕ್ಕೂ ಬರ್ತೀರಿ, ಹೊಸದಕ್ಕೂ ಬರ್ತೀರಿ. ಪುಸ್ತಕದಾಗ ಎಂಟು ಬರದದ್ದು ಅದಕ್ಕs ಅಲ್ಲೇನು? ಇನ್ನೊಂದು ಕೇಳ್ರಿ. ಪೆಟ್ಟಾದವ್ರು ಎರಡು ದಿನ, ನಲವತ್ತೆಂಟು ತಾಸು, ಕೆಲಸಕ್ಕ ಬರಾಕ ಆಗದಿದ್ರ ಇಲಾಖೆಗೆ ಮಾಲೀಕರೇ ತಿಳಿಸಬೇಕು. ಒಂಬತ್ತು ದಿನ ಆತು. ನೀವು ತಿಳಿಸಿದ್ರೇನು?"

ನಾಗಲಿಂಗಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಎರಡು ಬೆರಳು ಹೋಗ್ಯಾವ್ರಿ. ನಲವತ್ತೆಂಟು ತಾಸಿನಾಗ ಮತ್ತ ಬೆಳಿತಾವೇನು?" ಅಳು ತಡೆಯಲು ಸುಮಂಗಲಾ ಬೇರೆಲ್ಲೋ ನೋಡಿದಳು. ನೋಡಿದವಳ ಕಣ್ಣು ಸಂಡಿಗೆಯ ಮೇಲೆ ನಿಂತಿತು. ಅಲ್ಲಿಂದ ಪಂಚೆಯ ಅಂಚಿಗೆ ಇಳಿಯಿತು. ಎದ್ದು ಹೋಗಿ ಮೂಲೆಯ ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿದಳು. ಹಳದಿ ಬಣ್ಣ. ನಾಲ್ಕೂ ಮೂಲೆಗೆ ಬೋಲ್ಟಿನ ತೂತು. ದಿನಾ ಇಂಥವನ್ನೇ ತಟ್ಟಿ, ಅಲುಗಾಡಿಸಿ ನೋಡುವುದೇ ಆಕೆಯ ಕೆಲಸ.

"ಅಮ್ಮಾರ," ಎಂದಳು ಮೆಲ್ಲಗೆ. "ಇದು ಗಾಲಿದಲ್ಲೇನ್ರಿ?"

ಗುಜರಿ ಅನ್ನಬಹುದಿತ್ತು. ಬೇರೆ ಎಲ್ಲೋ ಮಾಡಿಸಿದ್ದು ಅನ್ನಬಹುದಿತ್ತು. ನಾಗಲಿಂಗಮ್ಮನ ಬಾಯಿಂದ ಎರಡೂ ಬರಲಿಲ್ಲ.

"ಹೌದವ್ವ. ನಾನs ತರಿಸಿದ್ದು. ಪೂಜಿಗೆ ಅಡ್ಡ ಆಗತೈತಿ ಅಂತ ಬಿಚ್ಚಿಸಿದ್ದೂ ನಾನೇ."

ಸುಮಂಗಲಾ ಪಂಚೆಯನ್ನು ಇದ್ದಂತೆಯೇ ಬಿಟ್ಟಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ನಮ್ಮ ಕಾರ್ಖಾನ್ಯಾಗೂ ಪೂಜಿ ಮಾಡ್ತೀವ್ರಿ," ಎಂದಳು ಕೊನೆಗೆ. "ಮಷಿನ್ ಬಂದ್ ಮಾಡ್ತೀವಿ, ಸ್ವಿಚ್ಚಿಗೆ ಬೀಗ ಹಾಕ್ತೀವಿ, ಜಾಲರಿ ಬಿಚ್ತೀವಿ, ವಿಭೂತಿ ಹಚ್ತೀವಿ. ಜಾಲರಿ ತಿರುಗಿ ಹಾಕಿ ನಾಲ್ಕೂ ಬೋಲ್ಟು ಬಿಗಿದ ಮ್ಯಾಲೇ ಮಷಿನ್ ಚಾಲೂ. ಅರ್ಧ ತಾಸಿನ ಕೆಲಸ. ದೇವರು ಅರ್ಧ ತಾಸು ಕಾಯಂಗಿಲ್ಲ ಅಂತಾನೇನ್ರಿ? ಕಾಯಾಕ ಆಗದವ್ರು ನಾವು. ಬೀಜ ಚೆಲ್ಲತಾವ ಅಂತ ಮಷಿನ್ ನಿಲ್ಲಿಸಂಗಿಲ್ಲ, ಹೊತ್ತಾಗತೈತಿ ಅಂತ ಬೋಲ್ಟು ಹಾಕಂಗಿಲ್ಲ. ಬೆರಳು ಹೋದ್ರ ಮಾತ್ರ ಸೆರಗಿನ ಮ್ಯಾಲೆ ಹಾಕ್ತೀವಿ."

ಮೆಟ್ಟಿಲಿಳಿಯುವ ಮುಂಚೆ ತಿರುಗಿದಳು. "ಎಚ್ಚರ ತಪ್ಪಿದ್ಲು ಅಂದ್ರ ಪರಿಹಾರ ತಪ್ಪಂಗಿಲ್ರಿ, ಅದನ್ನೂ ಸಾವ್ಕಾರ್ರಿಗೆ ಹೇಳ್ರಿ. ಅವ್ವ ಆ ಮಿಲ್ಲಿನಾಗ ದುಡದಾಳ ಅನ್ನೋದು ಒಂದು ಗೊತ್ತಾದ್ರ ಸಾಕು. ಹೇಳೋರು ಬೇಕು, ಅಷ್ಟs. ಉಳಿದ ಇಪ್ಪತ್ಮೂರು ಮಂದಿ ಅಂಜ್ಯಾರ. ನಾಳೆ ಕೆಲಸಕ್ಕ ಬ್ಯಾಡ ಅಂದ್ರ ಏನು ಮಾಡಬೇಕು ಅವ್ರು?"

ಆಕೆ ಹೋದಳು. ಕಟ್ಟೆಯ ಮೇಲಿನ ಕಾಗದದ ಅಂಚು ಗಾಳಿಗೆ ಪಟಪಟ ಅಂದಿತು. ನಾಗಲಿಂಗಮ್ಮ ಕೈ ತೊಳೆದು, ಅದನ್ನು ತಾನೇ ಇನ್ನೊಮ್ಮೆ ಓದಿದಳು. 'ಇದಕ್ಕೂ ನಮಗೂ ಸಂಬಂಧವಿರುವುದಿಲ್ಲ.' ಕೆಳಗೆ ಆಕೆಯ ಹೆಸರು ಟೈಪಾಗಿತ್ತು. ಹೆಸರಿನ ಮೇಲೆ ಸಹಿಗೆ ಜಾಗ ಬಿಟ್ಟಿದ್ದರು. ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷ. ಎಲ್ಲ ಕಾಗದದಲ್ಲೂ ಆಕೆಗೆಂದು ಬಿಡುತ್ತಿದ್ದ ಜಾಗ ಅಷ್ಟೇ ಇತ್ತು. ಲಾಭಕ್ಕೆ ಮಾಲೀಕ ಗಂಡ, ಸುಳ್ಳಿಗೆ ಮಾಲಕಿ ತಾನು. ಯಾವ ಬಾಯಲ್ಲಿ ಹೇಳುತ್ತಾರೆ ಹೊಟ್ಟು ಕೇಳಲು ಬಂದವಳು ಎಂದು? ಪ್ರತಿದಿನ ಹನ್ನೊಂದು ಗಂಟೆಗೆ ಆ ಕೈಗೆ ಚಹಾ ಸುರಿದವಳು ಇಲ್ಲೇ ನಿಂತಿದ್ದಾಳಲ್ಲ! ಇಪ್ಪತ್ತನಾಲ್ಕು ಲೋಟ ಎಂದು ಎಣಿಸಿ ಎಣಿಸಿ ಹಾಲು ಹಾಕಿದವಳಿಗೆ ಎಂಟರ ಪುಸ್ತಕ ತೋರಿಸುತ್ತಾರೆಯೇ?

ಸಿಟ್ಟು ಗಂಡನ ಮೇಲೆ ಶುರುವಾಗಿ, ತಿರುಗಿ ಬಂದು ಆಕೆಯ ಕಾಲ ಬುಡದಲ್ಲೇ ನಿಂತಿತು. ಅಲ್ಲಿ ಸಂಡಿಗೆ ಒಣಗುತ್ತಿತ್ತು.

ಆಕೆ ಬಗ್ಗಿ, ಪಂಚೆಯ ನಾಲ್ಕೂ ತುದಿ ಹಿಡಿದು, ಅರೆ ಒಣಗಿದ ಸಂಡಿಗೆಯನ್ನು ಮಾಳಿಗೆಯ ಬರಿ ನೆಲಕ್ಕೆ ಎಳೆದಳು. ಐದು ಸಾಲೂ ಒಂದರ ಮೇಲೊಂದು ಬಿದ್ದು ಮುದ್ದೆಯಾದವು. ಆಗಲಿ. ಕೊಡ ನೀರು ತಂದು ಜಾಲರಿ ತಿಕ್ಕಿದಳು. ವರ್ಷದಿಂದ ಅಂಟಿದ್ದ ಹಿಟ್ಟು, ಜೀರಿಗೆ, ಎಳ್ಳು ಬಿಟ್ಟವು. ಅಡಿಯಿಂದ ಹಳದಿ ಬಣ್ಣ ಎದ್ದು ಬಂತು. ಬೋಲ್ಟಿನ ತೂತಿನಲ್ಲಿ ಕೂತಿದ್ದ ಸಂಡಿಗೆಯ ಚೂರನ್ನು ತಲೆಯ ಪಿನ್ನಿನಿಂದ ಒಂದೊಂದಾಗಿ ಕೆದರಿ ತೆಗೆದಳು.

"ಸಹಿ ಹಾಕಿದೇನು?" ಕೆಳಗಿನಿಂದ ಸೋಮಶೇಖರ್ ಕೂಗಿದರು.

"ಚಹಾಕ್ಕ ಹೊತ್ತಾತ್ರಿ, ಬಂದೆ," ಎಂದಳು.

ಜಾಲರಿಯನ್ನು ಗೋಡೆಗೆ ಒರಗಿಸಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು, ಪೆನ್ನಿಗೆ ಮುಚ್ಚಳ ಹಾಕಿದಳು. ನಾಳೆ ಸಾಹೇಬರು 'ಮಾಲೀಕರು ಯಾರು' ಎಂದು ಕೇಳುತ್ತಾರೆ. ಕೇಳಿದಾಗ ಆಕೆ ಅಡಿಗೆಮನೆಯಲ್ಲಿ ಇರುವುದಿಲ್ಲ. ಈ ಜಾಲರಿ ಹಿಡಿದು ಬೋರ್ಡಿನ ಕೆಳಗೆ ನಿಂತಿರುತ್ತಾಳೆ. ಅವರು ಮುಂದೇನನ್ನೂ ಕೇಳುವ ಮುಂಚೆಯೇ ಹೇಳಲು ಮೂರು ಮಾತು ಸಾಲಾಗಿ ಮನಸ್ಸಿನಲ್ಲಿ ಬಂದು ಕೂತವು: ಮಿಲ್ಲು ನನ್ನದು, ಜಾಲರಿ ಬಿಚ್ಚಿಸಿದ್ದು ನಾನು, ಪಕ್ಕೀರಮ್ಮ ಇಲ್ಲಿ ಹನ್ನೊಂದು ವರ್ಷ ದುಡಿದವಳು. ಅವನ್ನು ಆಕೆ ಯಾರಿಗೂ ಹೇಳಲಿಲ್ಲ, ಗಂಡನಿಗೂ, ಚೌಡಕ್ಕನಿಗೂ.

ಅಡಿಗೆಮನೆಗೆ ಇಳಿದು ಲೋಟ ಜೋಡಿಸಿದಳು. ಇಪ್ಪತ್ಮೂರು ಇಟ್ಟು, ಒಂದು ಗಳಿಗೆ ನಿಂತು, ಪಕ್ಕೀರಮ್ಮನ ಪಾಲಿನ ಇಪ್ಪತ್ತನಾಲ್ಕನೆಯದನ್ನೂ ಇಟ್ಟಳು. ಅದು ಮನೆಯದೇ ಲೋಟ.

ಅಕ್ಕಂದಿರೇ, ಅಣ್ಣಂದಿರೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಲ್ಲಿ ಮಿಲ್ಲು, ಭಟ್ಟಿ, ಕ್ರಷರ್ ನಡೆಸುವವರೇ, ನಿಮ್ಮ ಹೆಸರಿನಲ್ಲಿ ನಡೆಯುವುದನ್ನು ಮೊದಲು ನೀವು ಒಳಗೆ ಹೋಗಿ ನೋಡಿ. ತಿರುಗುವ ಗಾಲಿಗೆ ಮುಚ್ಚಿಗೆ ಇದೆಯೇ? ಇಲ್ಲದಿದ್ದರೆ ಅದು ಎಲ್ಲಿ ಹೋಗಿದೆ, ಯಾರ ಮನೆಯಲ್ಲಿ ಏನು ಒಣಗಿಸುತ್ತಿದೆ, ಹುಡುಕಿ ತನ್ನಿ. ಸ್ವಿಚ್ಚಿನ ಮುಂದಿನ ಚೀಲ ಇವತ್ತೇ ಸರಿಸಿ. ಪೆಟ್ಟಾದರೆ ಮುಚ್ಚಿಡಬೇಡಿ, ತಿಳಿಸಿ. ನಿರೀಕ್ಷಕರು ಬರುವ ದಿನಕ್ಕೆಂದು ಜಾಲರಿ ಕಟ್ಟುವವರಿಗೆ ಒಂದೇ ಮಾತು: ಬೆಲ್ಟು ಸೆರಗು ಎಳೆಯುವುದು ಅವರು ಬಾರದ ದಿನ. ಗೊತ್ತಾಗದ್ದನ್ನು ಕಾರ್ಖಾನೆಗಳ ಇಲಾಖೆಯ ಕಚೇರಿಗೆ ಹೋಗಿ ಕೇಳಿ, ಕೇಳಲು ದುಡ್ಡು ಕೊಡಬೇಕಾಗಿಲ್ಲ.

ಹೆಸರಿನ ಪುಸ್ತಕದ ಮೇಲೆ ಅನುಮಾನವಿದ್ದರೆ, ನಾಳೆ ಹನ್ನೊಂದು ಗಂಟೆಗೆ ಚಹಾದ ಲೋಟ ಎಣಿಸಿ.